ಹಿಂದಿನ ಸಾಲಿನವಳು

ಅವಳಿಗೆ ‘ಗೂಟ’ ಎಂಬ ಅಡ್ಡಹೆಸರು ಬಿದ್ದದ್ದು ಹನ್ನೊಂದನೇ ವಯಸ್ಸಿನಲ್ಲಿ. ಶಾಲೆಯ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಒಬ್ಬಳು ಕಡಿಮೆಯಾಗಿದ್ದಳು. ವ್ಯಾಯಾಮದ ಮೇಷ್ಟ್ರು ತರಗತಿಯ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿ, ಎಲ್ಲರಿಗಿಂತ ಉದ್ದವಿದ್ದ ಇವಳನ್ನು ಬೆರಳು ತೋರಿಸಿ ಕರೆದರು. ಇವಳಿಗೆ ನೆಟ್ಟಗೆ ಓಡಲು ಬರುತ್ತಿರಲಿಲ್ಲ. ಚೆಂಡನ್ನು ಒದೆಯಲು ಹೋದರೆ ನೆಲವೇ ಒದೆ ತಿನ್ನುತ್ತಿತ್ತು. ಮೇಷ್ಟ್ರು ಎರಡು ಸಲ ನೋಡಿ, ಮೂರನೆಯ ಸಲ ತೋಳು ಹಿಡಿದು ಗೋಲಿನ ಮುಂದೆ ನಿಲ್ಲಿಸಿ, "ಇಲ್ಲಿ ಗೂಟದ ಹಾಗೆ ನಿಂತ್ಕೋ. ಯಾರು ಬಂದ್ರೂ ಬಿಡ್ಬೇಡ. ಅಷ್ಟೇ ನಿನ್ನ ಕೆಲಸ" ಎಂದರು. ಅವಳು ಬಿಡಲಿಲ್ಲ. ಆ ಮಧ್ಯಾಹ್ನ ಪಕ್ಕದ ಶಾಲೆಯ ಮೂವರು ಅವಳಿಗೆ ಡಿಕ್ಕಿ ಹೊಡೆದು ಮಣ್ಣುಮುಕ್ಕಿದರು. ಹೆಸರು ಅಂಟಿಕೊಂಡಿತು. ಮುಂದೆ ದೇಶದ ತಂಡಕ್ಕೆ ಆಡುವಾಗಲೂ ಜೊತೆಯವರು ಅದೇ ಹೆಸರು ಹಿಡಿದು ಕೂಗಿದರು.

ಅಪ್ಪ ನೀರು ಸರಬರಾಜು ಇಲಾಖೆಯ ಮುಖ್ಯ ಕಚೇರಿಯಲ್ಲಿ ಲಿಫ್ಟ್‌ಮನ್ ಆಗಿದ್ದವನು. ಮೂವತ್ತೊಂದು ವರ್ಷ ಒಂದು ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದವನು. "ಈ ಇಲಾಖೆಯಲ್ಲಿ ಯಾರ್ಯಾರು ಮೇಲೆ ಬಂದಿದ್ದಾರೋ ಅವರನ್ನೆಲ್ಲಾ ಮೇಲೆ ತಂದವನು ನಾನೇ" ಎಂಬುದು ಅವನ ಮಾಮೂಲಿ ತಮಾಷೆ; ಮನೆಯವರು ಅದಕ್ಕೆ ನಗುವುದನ್ನು ಯಾವಾಗಲೋ ಬಿಟ್ಟಿದ್ದರು, ಅವನು ಮಾತ್ರ ಪ್ರತಿ ಸಲವೂ ಹೊಸದಾಗಿ ನಗುತ್ತಿದ್ದ. ಅವನು ನಿವೃತ್ತನಾದಾಗ ಇಲಾಖೆಯ ಕ್ವಾರ್ಟರ್ಸ್ ಬಿಡಬೇಕಾಯಿತು. ಗಂಡನ ಮನೆ ಬಿಟ್ಟು ಕೈಗೂಸಿನೊಂದಿಗೆ ಅಕ್ಕ ವಾಪಸು ಬಂದದ್ದೂ ಅದೇ ವರ್ಷ. ಅಪ್ಪ, ಅಮ್ಮ, ಅಕ್ಕ, ಕೂಸು, ಅವಳು, ಇಷ್ಟೂ ಜನ ಒಂದು ಪಂಕ್ಚರ್ ಅಂಗಡಿಯ ಮೇಲಿನ ಒಂದೇ ಕೋಣೆಗೆ ಬಂದು ಬಿದ್ದರು. ಬೆಳಿಗ್ಗೆ ಏಳಕ್ಕೆ ಕೆಳಗೆ ಕಂಪ್ರೆಸರ್ ಶುರುವಾದರೆ ನೆಲ ನಡುಗುತ್ತಿತ್ತು. ಸುಟ್ಟ ರಬ್ಬರಿನ ವಾಸನೆಗೆ ಅಮ್ಮನ ಕೆಮ್ಮು ನಿಲ್ಲುತ್ತಿರಲಿಲ್ಲ. ಒಬ್ಬರು ಬಟ್ಟೆ ಬದಲಿಸಬೇಕೆಂದರೆ ಮಿಕ್ಕವರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅಪ್ಪ ಅಲ್ಲಿಯೂ ನಗಿಸಲು ನೋಡಿದ: "ಲಿಫ್ಟಿಗಿಂತ ದೊಡ್ಡದೇ ಇದೆಯಲ್ಲ." ಯಾರೂ ನಗಲಿಲ್ಲ. ಆಮೇಲಾಮೇಲೆ ಅವನೂ ಸುಮ್ಮನಾದ.

ಆ ವರ್ಷ ಅವಳಿಗೆ ಹದಿನೆಂಟು. ಬೆಳಗಿನ ಅಭ್ಯಾಸ ತಪ್ಪಿಸಲಿಲ್ಲ. ಕೋಣೆಯಿಂದ ಹೊರಗಿರಲು ಅದೊಂದು ನೆಪವೂ ಆಗಿತ್ತು. ಅಷ್ಟರಲ್ಲಿ ಓಟ ಬಂದಿತ್ತು, ಒದೆತ ಬಂದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಎದುರಾಳಿಯ ಸೊಂಟ ನೋಡಿ ಅವಳು ಯಾವ ಕಡೆ ತಿರುಗುತ್ತಾಳೆಂದು ಹೇಳುವ ಕಣ್ಣು ಬಂದಿತ್ತು. ಕಾಲು ಮೋಸ ಮಾಡುತ್ತದೆ, ಮುಖ ಮೋಸ ಮಾಡುತ್ತದೆ, ಸೊಂಟ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದಳು. ಹತ್ತೊಂಬತ್ತು ತುಂಬುವ ಮೊದಲು ದೇಶದ ತಂಡದ ಅಂಗಿ ಸಿಕ್ಕಿತು, ಐದನೇ ನಂಬರು. ಅದು ಸಿಕ್ಕಿದ ಮೂರೇ ತಿಂಗಳಿಗೆ ಅಪ್ಪನ ಇಲಾಖೆಯೇ ಕ್ರೀಡಾ ಕೋಟಾದಲ್ಲಿ ಕರೆದು ಕೆಲಸ ಕೊಟ್ಟಿತು. ಇಲಾಖೆಯ ತಂಡಕ್ಕೆ ಆಡಬೇಕು, ಆಟವಿಲ್ಲದ ದಿನ ದೂರು ವಿಭಾಗದಲ್ಲಿ ಕೂರಬೇಕು. ಹತ್ತು ವರ್ಷ ತಾತ್ಕಾಲಿಕ, ಆಮೇಲೆ ಕಾಯಂ. ಜೊತೆಗೆ ಕ್ವಾರ್ಟರ್ಸ್. ಎರಡು ಕೋಣೆ, ಒಂದು ಅಡುಗೆಮನೆ, ಒಳಗೇ ನಲ್ಲಿ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಮಂಡಿ ಸೋತಿದ್ದ ಅಪ್ಪ ಒಂದೊಂದೇ ಮೆಟ್ಟಿಲಿಗೆ ಕೂತೆದ್ದು ಮೇಲೆ ಹತ್ತಿದವನು ಮತ್ತೆ ಕೆಳಗಿಳಿದದ್ದು ಅಪರೂಪ. ಕಿಟಕಿ ಹತ್ತಿರ ಕುರ್ಚಿ ಹಾಕಿಸಿಕೊಂಡು, ಬೀದಿಯನ್ನೇ ಕಚೇರಿ ಮಾಡಿಕೊಂಡ.

ಹಿಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರಿನ ಕೆಲಸ ಸರಿಯಾಗಿ ನಡೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗೋಲು ಹೊಡೆದವಳ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಗೋಲಾಗದಂತೆ ನೋಡಿಕೊಂಡವಳದು ಬರುವುದಿಲ್ಲ. ಎಡವಿದ ದಿನ ಮಾತ್ರ ಹೆಸರು ಬರುತ್ತದೆ. ಎಪ್ಪತ್ತೊಂದು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅವಳು ಹೊಡೆದದ್ದು ಒಂದೇ ಗೋಲು. ಅದೂ ಕಾರ್ನರಿನಿಂದ ಬಂದ ಚೆಂಡು ಬೇರೆಲ್ಲೋ ನೋಡುತ್ತಿದ್ದ ಇವಳ ಭುಜಕ್ಕೆ ತಗುಲಿ ಒಳಗೆ ಹೋದದ್ದು. ಅಪ್ಪ ಅದನ್ನು ಟೀವಿಯಲ್ಲಿ ನೋಡಿ, "ಗೋಲು ಹೊಡೆದದ್ದು ತಾನೇ ಅಂತ ಮಗಳಿಗೆ ಯಾರಾದ್ರೂ ತಿಳಿಸ್ರಪ್ಪ" ಎಂದಿದ್ದನಂತೆ.

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಆಡಿದ ಒಂದು ಪಂದ್ಯ ಎಲ್ಲವನ್ನೂ ಕದಡಿತು. ಪರದೇಶದಲ್ಲಿ, ಕೊರೆಯುವ ಚಳಿಯಲ್ಲಿ ನಡೆದ ಅರ್ಹತಾ ಪಂದ್ಯ. ಎದುರು ತಂಡದ ಹತ್ತನೇ ನಂಬರಿನವಳು ಆ ವರ್ಷ ಆಡಿದಲ್ಲೆಲ್ಲ ಗೋಲು ಸುರಿದವಳು. ಇವರ ಕೋಚ್ ಹಿಂದೆ ತಾನೇ ದೊಡ್ಡ ಆಟಗಾರ್ತಿಯಾಗಿದ್ದ ಹೆಂಗಸು, ಹುಡುಗಿಯರ ಬಾಯಲ್ಲಿ ‘ಮೇಡಂ’. ಮೇಡಂ ಉಪದೇಶವೇನೂ ಕೊಡಲಿಲ್ಲ. "ಅವಳು ಬಚ್ಚಲಿಗೆ ಹೋದ್ರೂ ಹಿಂದೆ ಹೋಗು" ಎಂದರು, ಅಷ್ಟೇ. ತೊಂಬತ್ತು ನಿಮಿಷ ಹತ್ತನೇ ನಂಬರಿಗೆ ಉಸಿರಾಡಲು ಜಾಗವಿರಲಿಲ್ಲ. ಎಡಕ್ಕೆ ತಿರುಗಿದರೆ ಇವಳು, ಬಲಕ್ಕೆ ತಿರುಗಿದರೆ ಇವಳು. ಎಪ್ಪತ್ತನೇ ನಿಮಿಷಕ್ಕೆ ಆಕೆ ಕೈಚೆಲ್ಲಿ ಮಧ್ಯ ಮೈದಾನಕ್ಕೆ ಹೋಗಿ ನಿಂತಳು. ಇವರ ತಂಡದ ಬೇರೆ ಯಾರದೋ ಕೈಗೆ ಚೆಂಡು ತಾಗಿ ಪೆನಾಲ್ಟಿ ಸಿಕ್ಕು ಎದುರು ತಂಡ ಒಂದು ಗೋಲಿನಿಂದ ಗೆದ್ದಿತು. ಆದರೆ ಆಟ ಮುಗಿದ ಮೇಲೆ ಆ ದೇಶದ ಒಂದು ಕ್ಲಬ್ಬಿನ ತರಬೇತುದಾರ ಹುಡುಕಿಕೊಂಡು ಬಂದದ್ದು ಸೋತ ತಂಡದ ಐದನೇ ನಂಬರನ್ನು.

ಹದಿನೈದು ದಿನಕ್ಕೆ ಪತ್ರ ಬಂತು. ಎರಡು ವರ್ಷದ ಒಪ್ಪಂದ. ಚಿಕ್ಕ ಕ್ಲಬ್ಬು, ಅವಳ ಊಟ ವಸತಿ ಕಳೆದು ಸ್ವಲ್ಪ ಉಳಿಯುವಷ್ಟು ಸಂಬಳ. ಆದರೆ ವಾರವಾರವೂ ಆಟ, ನಿಜವಾದ ಹುಲ್ಲಿನ ಮೈದಾನ, ಮಂಡಿ ಸವರಿ ನೋಡಲು ಬೇರೆಯೇ ಡಾಕ್ಟರು. ಅಪ್ಪ ಆ ಪತ್ರವನ್ನು ಎಷ್ಟು ಸಲ ಓದಿಸಿದನೆಂದರೆ ಅಕ್ಕನ ಮಗಳಿಗೆ ಅದು ಬಾಯಿಪಾಠವಾಯಿತು. ಅಮ್ಮ ಮಾತ್ರ ಚಳಿ ಎಷ್ಟಿರುತ್ತದೆ, ಒಳಗೆ ಹಾಕಿಕೊಳ್ಳಲು ಎಂಥ ಬಟ್ಟೆ ಬೇಕು ಎಂದಷ್ಟೇ ಕೇಳಿದಳು. ಒಪ್ಪಿಗೆ ತಿಳಿಸಲು ಕೊನೆಯ ದಿನ ಒಂದು ಶುಕ್ರವಾರ. ಜೊತೆಗೆ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕಿತ್ತು.

ಕ್ರೀಡಾ ವಿಭಾಗದ ಅಧಿಕಾರಿ ನಾಲ್ಕನೇ ಮಹಡಿಯಲ್ಲಿ ಕೂರುತ್ತಿದ್ದರು. ನಿವೃತ್ತಿಗೆ ಒಂದೂವರೆ ವರ್ಷವಿದ್ದ ಮನುಷ್ಯ, ಮೇಜಿನ ಗಾಜಿನ ಕೆಳಗೆ ಹಳೆಯ ತಂಡಗಳ ಫೋಟೋ ಇಟ್ಟುಕೊಂಡವರು. ಫೈಲು ಮೂರು ವಾರ ಮೇಜಿಂದ ಮೇಜಿಗೆ ಅಲೆಯಿತು. ಕೊನೆಗೆ ಗಡುವಿಗೆ ಎರಡೇ ದಿನವಿರುವಾಗ, ಬುಧವಾರ, ಅವರೇ ಕರೆಸಿದರು. ಮೇಜಿನ ಮೇಲೆ ಎರಡು ಹಾಳೆ ಟೈಪಾಗಿ ಸಿದ್ಧವಿದ್ದವು.

"ನೋಡಮ್ಮ, ಒಂದರಲ್ಲಿ ನಾನು ಸಹಿ ಹಾಕ್ಬೇಕು, ಇನ್ನೊಂದರಲ್ಲಿ ನೀನು" ಎಂದರು. "ನಂದು ನಿರಾಕ್ಷೇಪಣಾ ಪತ್ರ. ಈಗಲೇ ಹಾಕ್ತೀನಿ. ನಿಂದು ರಾಜೀನಾಮೆ. ತಾತ್ಕಾಲಿಕ ನೌಕರರಿಗೆ ಎರಡು ವರ್ಷ ರಜೆ ಕೊಡೋ ನಿಯಮ ಇಲ್ಲ. ನಾನೂ ಹುಡುಕಿ ಹುಡುಕಿ ಸಾಕಾದೆ."

"ಕ್ವಾರ್ಟರ್ಸ್, ಸರ್?"

"ಮೂವತ್ತು ದಿನ."

ಅವಳು ಪೆನ್ನು ತೆಗೆದುಕೊಂಡಳು, ಮುಚ್ಚಳ ತೆಗೆದಳು. ಹಾಳೆಯ ಕೆಳಗಡೆ ಅವಳ ಹೆಸರು, ಹುದ್ದೆ, ನೌಕರಿ ಸಂಖ್ಯೆ ಅಚ್ಚುಕಟ್ಟಾಗಿ ಇದ್ದವು. ಆಗ ಯಾಕೋ ಅವಳಿಗೆ ಕಂಪ್ರೆಸರಿನ ಸದ್ದು ಕೇಳಿದ ಹಾಗಾಯಿತು. ಗೋಡೆಗೆ ಮುಖ ಮಾಡಿ ನಿಂತ ಅಪ್ಪನ ಬೆನ್ನು ಕಂಡಿತು. ಅಕ್ಕನ ಮಗಳು ಈಗ ಆರು ವರ್ಷದವಳು, ಕ್ವಾರ್ಟರ್ಸಿನ ಹಿಂದಿನ ಶಾಲೆಗೆ ಒಬ್ಬಳೇ ನಡೆದುಹೋಗುತ್ತಿದ್ದಳು. ಎದುರಾಳಿಗಳು ಮೂರು ಜನ ಒಟ್ಟಿಗೆ ನುಗ್ಗಿ ಬಂದರೆ ಯಾರನ್ನು ಬಿಡಬೇಕೆಂದು ಅರೆಕ್ಷಣದಲ್ಲಿ ನಿರ್ಧರಿಸುತ್ತಿದ್ದವಳಿಗೆ ಆ ಮೇಜಿನ ಮುಂದೆ ಕೈ ಏಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಯೋಚನೆ ಮಾಡಿ ಹೇಳುತ್ತೇನೆಂದು ಎದ್ದು ಬಂದಳು.

ಗುರುವಾರ ಕಳೆಯಿತು. ಶುಕ್ರವಾರ ಅಭ್ಯಾಸ ಮಾಡಿದಳು, ಎರಡು ಗಂಟೆ ದೂರು ವಿಭಾಗದ ಕೌಂಟರಿನಲ್ಲಿ ಕೂತಳು, ಮನೆಗೆ ಬಂದಳು. ಅಪ್ಪ ಕಿಟಕಿಯಿಂದಲೇ ಅವಳ ನಡಿಗೆ ನೋಡಿದ್ದ.

"ಏನಂದ್ರು ಮಗಾ?"

"ಕೊಡಲ್ಲ ಅಂದ್ರು."

ಬಾಯಿಂದ ಬಂದುಹೋಯಿತು. ನಿಜ ಹೇಳಿದ್ದರೆ ಅಪ್ಪ ಅದೇ ಗಳಿಗೆಯಲ್ಲಿ ‘ಹೋಗು’ ಎನ್ನುತ್ತಿದ್ದ. ಅವಳಿಗೆ ಇದ್ದ ಭಯವೇ ಅದು. ಆಮೇಲೆ ಹೋಗಲೇಬೇಕಾಗುತ್ತಿತ್ತು, ಮತ್ತು ಅಲ್ಲಿ ಚೆಂಡಿನ ಹಿಂದೆ ಓಡುವ ಪ್ರತಿ ದಿನವೂ ಆ ರಬ್ಬರಿನ ವಾಸನೆ ಜೊತೆಗೆ ಓಡುತ್ತಿತ್ತು. ಒಂದು ಸುಳ್ಳಿನಿಂದ ಎಲ್ಲರಿಗೂ ಸಲೀಸಾಗುತ್ತದೆ, ನಾಲ್ಕು ದಿನ ಬೈದುಕೊಂಡು ಮರೆಯುತ್ತಾರೆ ಎಂದುಕೊಂಡಳು.

ಅಪ್ಪ ಮರೆಯುವವನಾಗಿರಲಿಲ್ಲ. ಮೂವತ್ತೊಂದು ವರ್ಷ ಸ್ಟೂಲಿನ ಮೇಲೆ ಕೂತು ಎಲ್ಲರಿಗೂ ‘ಸರ್’ ಎಂದವನಿಗೆ ಈಗ ಸಿಟ್ಟು ಮಾಡಲು ಒಂದು ಹಕ್ಕಿನ ಕಾರಣ ಸಿಕ್ಕಿತ್ತು. ಕಿಟಕಿಯ ಪಕ್ಕ ಕೂತು ಮೊಮ್ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ಪತ್ರ ಬರೆಯತೊಡಗಿದ. ಇಲಾಖೆಯ ಮುಖ್ಯಸ್ಥರಿಗೆ, ಮಂತ್ರಿಗಳಿಗೆ, ಪತ್ರಿಕೆಗಳಿಗೆ. ಅವಳು ಬೇಡವೆಂದಳು, ಗದರಿದಳು, ಒಂದು ಪತ್ರವನ್ನು ಅಂಚೆಗೆ ಹಾಕುತ್ತೇನೆಂದು ತೆಗೆದುಕೊಂಡು ಹೋಗಿ ಹರಿದು ಹಾಕಿದಳು. ಅಪ್ಪ ಮಿಕ್ಕವನ್ನು ಅಕ್ಕನ ಕೈಲಿ ಕಳಿಸಿದ. ಎರಡು ತಿಂಗಳಿಗೆ ಒಬ್ಬ ವರದಿಗಾರ ಮೆಟ್ಟಿಲು ಹತ್ತಿ ಬಂದ. ಅವಳು ತರಬೇತಿ ಶಿಬಿರದಲ್ಲಿದ್ದಳು. ಭಾನುವಾರದ ಪತ್ರಿಕೆಯಲ್ಲಿ ಅವಳ ಫೋಟೋ ಅರ್ಧ ಪುಟಕ್ಕೆ ಬಂತು. ಮೊದಲ ಬಾರಿಗೆ ಅವಳು ಎಡವದೇ ಪತ್ರಿಕೆಯಲ್ಲಿ ಬಂದಿದ್ದಳು. ಕೆಳಗೆ ಅಧಿಕಾರಿಯ ಚಿಕ್ಕ ಫೋಟೋ, ದೇಶದ ಆಟಗಾರ್ತಿಯ ಬದುಕಿಗೆ ಬೀಗ ಜಡಿದವರು ಎಂಬ ಮಾತು.

ಸೋಮವಾರದಿಂದ ಕಚೇರಿಯಲ್ಲಿ ಜನ ಅವಳನ್ನು ಕಂಡು ಮರುಗಿದರು. ದೂರು ಹೇಳಲು ಬಂದವರೂ ತಮ್ಮ ನಲ್ಲಿಯ ವಿಷಯ ಬಿಟ್ಟು ಅವಳಿಗೆ ಸಮಾಧಾನ ಹೇಳಿದರು. ತಂಡದ ಹುಡುಗಿಯರು ಸಹಿ ಸಂಗ್ರಹಕ್ಕೆ ಇಳಿದರು. ಅಧಿಕಾರಿಯನ್ನು ಬೇರೆ ವಿಭಾಗದಲ್ಲಿ ಕೂರಿಸಿ, ತನಿಖೆಗೆ ಮೂವರ ಸಮಿತಿ ನೇಮಿಸಿದರು. ಒಂದು ದಿನ ಅವರು ಲಿಫ್ಟಿನ ಬಾಗಿಲಲ್ಲಿ ಎದುರಾದರು. ಅವಳ ಮುಖ ಒಮ್ಮೆ ನೋಡಿ, ಲಿಫ್ಟ್ ಬಿಟ್ಟು ಮೆಟ್ಟಿಲ ಕಡೆ ನಡೆದರು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಿಜ ಹೇಳಿದರೆ ಅಪ್ಪ ಊರೆದುರು ಸುಳ್ಳುಗಾರನಾಗುತ್ತಾನೆ. ಹೇಳದಿದ್ದರೆ ಈ ಮನುಷ್ಯನ ಮೂವತ್ತು ವರ್ಷದ ನೌಕರಿ ಮಣ್ಣುಪಾಲು. ಆ ದಿನಗಳಲ್ಲಿ ಮೈದಾನದಲ್ಲಿಯೂ ಅವಳ ಲೆಕ್ಕ ತಪ್ಪುತ್ತಿತ್ತು. ಎದುರಾಳಿಯನ್ನು ಆಫ್‌ಸೈಡಿಗೆ ಸಿಕ್ಕಿಸಲು ಹಿಂದಿನ ಸಾಲಿನ ಎಲ್ಲರನ್ನೂ ಒಟ್ಟಿಗೆ ಮುಂದೆ ಕರೆಯಬೇಕಾದವಳು ತಾನೇ ಹಿಂದೆ ಉಳಿದುಬಿಡುತ್ತಿದ್ದಳು. ಮೇಡಂ ಒಂದು ಸಲ ಪಕ್ಕಕ್ಕೆ ಕರೆದು, "ಮನಸ್ಸು ಎಲ್ಲಿಟ್ಟು ಬರ್ತಿದ್ದೀಯ?" ಎಂದು ಕೇಳಿದರು. ಮಂಡಿನೋವು ಎಂದಳು. ಅದು ಅರ್ಧ ನಿಜವಾಗಿತ್ತು.

ಸಮಿತಿ ಅವಳನ್ನು ಕರೆದದ್ದು ಒಂದು ಮಂಗಳವಾರ ಬೆಳಿಗ್ಗೆ. ಉದ್ದ ಮೇಜು, ಮೂರು ಲೋಟ ನೀರು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಎರಡೂ ಕೈ ಮಂಡಿಯ ಮೇಲಿಟ್ಟು ಕೂತ ಅಧಿಕಾರಿ. ಮಧ್ಯದಲ್ಲಿದ್ದ ಹೆಂಗಸು ಮೃದುವಾಗಿಯೇ ಮಾತಾಡಿಸಿದರು. ಹೆದರಬೇಡ, ಇವರು ಅನುಮತಿ ನಿರಾಕರಿಸಿದ್ದು ಯಾವ ದಿನ ಎಂದಷ್ಟೇ ಹೇಳು ಎಂದರು.

ಮೂರು ಲೋಟದಲ್ಲಿ ಒಂದನ್ನು ಅವರೇ ಅವಳ ಮುಂದಕ್ಕೆ ತಳ್ಳಿದರು. ಕುಡಿದಳು.

"ಸರ್ ನಿರಾಕರಿಸಲಿಲ್ಲ" ಎಂದಳು. "ಎರಡೂ ಕಾಗದ ಮುಂದಿಟ್ಟಿದ್ರು. ನಾನೇ ಸಹಿ ಹಾಕಲಿಲ್ಲ. ಮನೇಲಿ ಸುಳ್ಳು ಹೇಳಿದೆ. ನಮ್ಮಪ್ಪನಿಗೆ ಏನೂ ಗೊತ್ತಿಲ್ಲ, ಅವರನ್ನ ಏನೂ ಅನ್ಬೇಡಿ."

ಆ ಹೆಂಗಸು ತಮ್ಮ ಬರಹ ನಿಲ್ಲಿಸಿ, ಬರೆದಿದ್ದನ್ನು ಒಂದು ಗೀಟು ಎಳೆದು ಹೊಡೆದುಹಾಕಿದರು.

ಹೊರಗೆ ಕಾರಿಡಾರಿನಲ್ಲಿ ಅಧಿಕಾರಿ ಅವಳನ್ನು ಹಿಂದಿಕ್ಕಿ ಹೋದವರು, ನಾಲ್ಕು ಹೆಜ್ಜೆ ಆಚೆ ನಿಂತರು. "ಆ ಟೈಪ್ ಮಾಡಿದ ಕಾಗದ ನನ್ನ ಹತ್ರಾನೇ ಇದೆ" ಎಂದರು. "ಮೊದಲನೇ ದಿನವೇ ತೋರಿಸ್ಬಹುದಿತ್ತು. ನಿಮ್ಮಪ್ಪನ ಮುಖ ನೆನಪಾಗಿ ತೋರಿಸ್ಲಿಲ್ಲ. ಆದ್ರೆ ನೀನು ಇವತ್ತು ಹೇಳದೇ ಇದ್ದಿದ್ರೆ ನಾಳೆ ತೋರಿಸೇ ತೋರಿಸ್ತಿದ್ದೆ. ನಾನೇನು ದೇವರಲ್ಲ." ಅವಳು ಕೈ ಜೋಡಿಸಿದಳು. ಅವರು ಅದನ್ನು ನೋಡಲಿಲ್ಲ.

ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಬಾಗಿಲಲ್ಲೇ ನಿಂತು ಅಪ್ಪನಿಗೆ ಎಲ್ಲ ಹೇಳಿದಳು. ನಿಧಾನ ಮಾಡಿದರೆ ಮತ್ತೆ ಹೇಳಲಾಗುವುದಿಲ್ಲವೆಂದು ಗೊತ್ತಿತ್ತು. ಅಪ್ಪ ಬರೆಯುತ್ತಿದ್ದ ಪತ್ರವನ್ನು ಮಡಿಚಿ ತೊಡೆಯ ಕೆಳಗೆ ಇಟ್ಟುಕೊಂಡ.

"ನನ್ನ ಕೇಳ್ಬೇಕಿತ್ತು" ಎಂದ.

"ಕೇಳಿದ್ರೆ ಹೋಗು ಅಂತಿದ್ದೆ."

"ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ."

ಅಪ್ಪ ಕಿಟಕಿಯ ಕಡೆ ತಿರುಗಿದ. ಆಮೇಲೆ ಎಲ್ಲರನ್ನೂ ಮೇಲೆ ತಂದ ಆ ತಮಾಷೆಯನ್ನು ಅವನು ಹೇಳಿದ್ದು ಯಾರಿಗೂ ನೆನಪಿಲ್ಲ. ಮಾರನೆಯ ದಿನ ಅಕ್ಕನ ಕೈಯಲ್ಲಿ ಅಧಿಕಾರಿಗೆ ಒಂದು ಸಾಲಿನ ಕ್ಷಮಾಪಣೆ ಪತ್ರ ಕಳಿಸಿದ. ಉತ್ತರ ಬರಲಿಲ್ಲ. ಅಧಿಕಾರಿಯನ್ನು ಅವರ ಹಳೆಯ ಕುರ್ಚಿಗೆ ವಾಪಸು ಕಳಿಸಿದರು, ಪತ್ರಿಕೆ ಒಳಪುಟದ ಮೂಲೆಯಲ್ಲಿ ಎರಡು ಸಾಲು ಹಾಕಿತು. ಕ್ಲಬ್ಬು ಅಷ್ಟರಲ್ಲಿ ಬೇರೊಬ್ಬಳನ್ನು ತೆಗೆದುಕೊಂಡಿತ್ತು. ಇಲಾಖೆ ಅವಳಿಗೊಂದು ಎಚ್ಚರಿಕೆ ಪತ್ರ ಕೊಟ್ಟು, ಮುಂದಿನ ತಿಂಗಳ ಚಾಂಪಿಯನ್‌ಶಿಪ್ಪಿಗೆ ತಂಡದ ನಾಯಕಿಯನ್ನಾಗಿ ಮಾಡಿತು. ಆಡುವವಳು ಬೇಕಿತ್ತಲ್ಲ.

ಮನೆಯೊಳಗಿನ ಬದುಕು ಮಾತ್ರ ಬದಲಾಯಿತು. ಅವಳನ್ನು ಬೈಯುವವರೇ ಇಲ್ಲವಾದರು. ಅಮ್ಮ ಮೊದಲ ತಟ್ಟೆ ಅವಳಿಗೇ ಬಡಿಸಿದಳು, ಫ್ಯಾನಿನ ಕೆಳಗಿನ ಜಾಗ ಅವಳಿಗೇ ಬಿಟ್ಟಳು, ಬೂಟಿನ ಮಣ್ಣನ್ನು ತಾನೇ ಕೆರೆದು ತೊಳೆದಿಟ್ಟಳು. ಬೇಡ ಎಂದರೆ, "ಇರಲಿ ಬಿಡಮ್ಮ" ಎನ್ನುತ್ತಿದ್ದಳು, ನೆಂಟರ ಮನೆಯ ಹುಡುಗಿಗೆ ಹೇಳುವ ಹಾಗೆ. ಎರಡು ಕೋಣೆಯ ಮನೆ, ಎಲ್ಲಿ ಕೂತರೂ ಯಾರದಾದರೂ ಉಪಚಾರ ಬಂದು ತಾಗುತ್ತಿತ್ತು. ಅವಳಿಗೆ ಒಮ್ಮೊಮ್ಮೆ ಪಂಕ್ಚರ್ ಅಂಗಡಿಯ ಮೇಲಿನ ಕೋಣೆಯಲ್ಲೇ ಹೆಚ್ಚು ಗಾಳಿಯಿತ್ತು ಅನ್ನಿಸುತ್ತಿತ್ತು. ಅಲ್ಲಿ ಜಗಳವಾದರೂ ಇತ್ತು.

ಉಪಚಾರ ಮಾಡದವಳು ಅಕ್ಕ ಒಬ್ಬಳೇ. ಹದಿನೈದು ದಿನ ಮಾತು ಬಿಟ್ಟಿದ್ದವಳು, ಒಂದು ದಿನ ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಹಗ್ಗದ ಆ ಬದಿಯಿಂದಲೇ ಹೇಳಿದಳು: "ನಮಗೋಸ್ಕರ ಉಳ್ಕೊಂಡೆ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಇರಬಹುದು ಕಣೇ. ಆದ್ರೆ ನಿಂಗೂ ಹೆದರಿಕೆ ಆಗಿತ್ತು. ಗೊತ್ತಿಲ್ಲದ ಊರು, ಗೊತ್ತಿಲ್ಲದ ಜನ. ಅದನ್ನ ನನ್ನ ಮಗಳ ಹಿಂದೆ ಬಚ್ಚಿಡಬೇಡ."

ಅವಳು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಪೆನ್ನು ಹಿಡಿದ ಆ ಒಂದು ನಿಮಿಷವನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದಳು. ಅದರಲ್ಲಿ ಅಪ್ಪನ ಬೆನ್ನಿತ್ತು, ಕೂಸಿನ ಶಾಲೆಯಿತ್ತು. ಹೆದರಿಕೆಯೂ ಇತ್ತೇ? ಮೈದಾನದಲ್ಲಿ ಯಾರಿಗೂ ಹೆದರದವಳೆಂದು ಹೆಸರು ಮಾಡಿದವಳು ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ವರ್ಷಗಳನ್ನೇ ಕಳೆದಳು.

ಅಕ್ಕ ಮಾತಿನಲ್ಲೇ ನಿಲ್ಲಿಸಲಿಲ್ಲ. ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗಕ್ಕೆ ಸೇರಿದಳು. ಮೂರು ವರ್ಷಕ್ಕೆ ಅದರ ಹತ್ತಿರವೇ ಒಂದು ಮನೆ ಹಿಡಿದು, ಮಗಳನ್ನು ಕರೆದುಕೊಂಡು ಹೊರಟಳು. ಹೊರಡುವ ದಿನ ತಂಗಿಯ ಗಲ್ಲ ಹಿಡಿದು, "ಈಗ ಯಾರಾದ್ರೂ ಕರೆದ್ರೆ ಹೋಗು" ಎಂದಳು. ಯಾರೂ ಕರೆಯಲಿಲ್ಲ. ಅವಳಿಗೆ ಇಪ್ಪತ್ತೆಂಟಾಗಿತ್ತು, ಬಲ ಮಂಡಿಗೆ ಒಂದು ಶಸ್ತ್ರಚಿಕಿತ್ಸೆ ಆಗಿತ್ತು. ಪರದೇಶದ ಕ್ಲಬ್ಬುಗಳು ಹದಿನೆಂಟರ ಹುಡುಗಿಯರನ್ನು ಹುಡುಕುತ್ತಿದ್ದವು. ಇಪ್ಪತ್ತೊಂಬತ್ತಕ್ಕೆ ಇಲಾಖೆ ಅವಳನ್ನು ಕಾಯಂ ಮಾಡಿತು. ಆ ಆದೇಶವನ್ನು ಅಮ್ಮ ಕಪಾಟಿನ ಮೇಲಿನ ಹಲಗೆಯಲ್ಲಿ, ಪದಕಗಳ ಪೆಟ್ಟಿಗೆಯೊಳಗೆ ಇಟ್ಟಳು.

ಆಮೇಲೂ ನಾಲ್ಕು ವರ್ಷ ಆಡಿದಳು. ಬಿಡಬೇಕೆಂದು ಎರಡು ಸಲ ಹೊರಟಿದ್ದಳು. ಮೊದಲ ಸಲ ಮೇಡಂ, ಆ ಜಾಗಕ್ಕೆ ಸದ್ಯ ಯಾರಿದ್ದಾರೆ ನೀನೇ ಹೇಳು ಎಂದರು. ಎರಡನೇ ಸಲ ಇಲಾಖೆಯವರು, ಆಡದವರನ್ನು ದೂರದ ಪಂಪ್‌ಹೌಸಿಗೆ ಹಾಕುವ ಪದ್ಧತಿ ಇದೆ ಎಂದು ನಯವಾಗಿ ತಿಳಿಸಿದರು. ಪ್ರತಿ ಪಂದ್ಯಕ್ಕೂ ಮುಂಚೆ ಮಂಡಿಗೆ ಬಿಗಿಯಾಗಿ ಪಟ್ಟಿ ಸುತ್ತಿ, ಒಂದು ಮಾತ್ರೆ ನುಂಗಿ ಇಳಿಯುತ್ತಿದ್ದಳು. ಓಟ ಕಡಿಮೆಯಾದಷ್ಟೂ ಕಣ್ಣು ಚುರುಕಾಯಿತು. ಎದುರಾಳಿ ಹೊರಡುವ ಮೊದಲೇ ಇವಳು ಹೋಗಿ ನಿಂತಿರುತ್ತಿದ್ದಳು. ನೋಡುವವರು ಅನುಭವ ಎಂದು ಮೆಚ್ಚಿಕೊಂಡರು.

ಎಪ್ಪತ್ತೊಂದನೇ ಪಂದ್ಯದ ಅರವತ್ತೆಂಟನೇ ನಿಮಿಷದಲ್ಲಿ ಗೆರೆಯ ಹತ್ತಿರ ಐದನೇ ನಂಬರಿನ ಹಲಗೆ ಮೇಲೆದ್ದಿತು. ಹದಿನಾಲ್ಕು ವರ್ಷದಲ್ಲಿ ಅವಳನ್ನು ಆಟದ ನಡುವೆ ಹೊರಗೆ ಕರೆದದ್ದು ಅದೇ ಮೊದಲು. ಬೇರೆ ಯಾರದೋ ನಂಬರಿರಬೇಕೆಂದು ಅವಳು ಹಿಂದೆ ತಿರುಗಿ ನೋಡಿದಳು. ಆಮೇಲೆ ನಡೆದಳು, ಓಡಲಿಲ್ಲ. ಬೆಂಚಿನಲ್ಲಿ ಎರಡನೇ ಗೋಲ್‌ಕೀಪರ್ ಸರಿದು ಜಾಗ ಮಾಡಿ, ಹೆಗಲ ಮೇಲೆ ಜಾಕೆಟ್ ಹೊದಿಸಿದಳು. ಅಲ್ಲಿಂದ ಮೈದಾನ ತೀರಾ ಚಪ್ಪಟೆಯಾಗಿ ಕಾಣುತ್ತಿತ್ತು. ಯಾರು ಎಲ್ಲಿ ಖಾಲಿ ಬಿಟ್ಟಿದ್ದಾರೆಂದು ಅವಳಿಗೆ ಗೊತ್ತಾಗಲಿಲ್ಲ. ಕೂಗಲು ಬಾಯಿ ತೆರೆದಳು, ಏನು ಕೂಗಬೇಕೆಂದು ತೋಚದೆ ಮುಚ್ಚಿಕೊಂಡಳು. ಅವಳ ಜಾಗಕ್ಕೆ ಹೋದ ಹುಡುಗಿ ಒಂದು ಗೋಲು ಬಿಟ್ಟುಕೊಟ್ಟಳು, ಆದರೂ ತಂಡ ಗೆದ್ದಿತು.

ಆಟ ಬಿಟ್ಟ ಮೇಲೆ ಅವಳನ್ನು ಪಂಪ್‌ಹೌಸಿಗೆ ಹಾಕಲಿಲ್ಲ, ಅಷ್ಟು ಮರ್ಯಾದೆ ಉಳಿಸಿದರು. ಈಗ ಅವಳು ಬೆಳಿಗ್ಗೆ ಹತ್ತಕ್ಕೆ ದೂರು ವಿಭಾಗದ ಮೂರನೇ ಕಿಟಕಿ ತೆರೆಯುತ್ತಾಳೆ, ಸಂಜೆ ಐದೂವರೆಗೆ ಮುಚ್ಚುತ್ತಾಳೆ. ಕ್ವಾರ್ಟರ್ಸ್ ಇನ್ನೂ ಇಪ್ಪತ್ತೈದು ವರ್ಷ ಇರುತ್ತದೆ. ಮೊನ್ನೆ ಒಬ್ಬ ಮುದುಕ ಬಂದು, ನಾಲ್ಕು ದಿನದಿಂದ ಬೀದಿಗೆ ನೀರಿಲ್ಲ, ನಿಮಗೇನಮ್ಮ ಇಲ್ಲಿ ನೆರಳಲ್ಲಿ ಕೂತಿದ್ದೀರಿ ಎಂದು ದಬಾಯಿಸಿದ. ಅವಳು ಬೀದಿಯ ಹೆಸರು, ಮನೆಯ ಸಂಖ್ಯೆ ಕೇಳಿ ಬರೆದುಕೊಂಡು ಚೀಟಿ ಹರಿದುಕೊಟ್ಟಳು. ಯಾವಾಗ ಬರುತ್ತದೆ ಎಂದು ಅವನು ಕೇಳಿದ.

"ಅದು ನಂಗೆ ಗೊತ್ತಾಗಲ್ಲ ಯಜಮಾನ್ರೇ" ಎಂದಳು. "ಬರ್ಕೊಂಡಿದ್ದೀನಿ."

ಅವನು ಗೊಣಗುತ್ತಾ ಸರಿದ. ಅವನ ಹಿಂದೆ ಇನ್ನೂ ಹನ್ನೊಂದು ಜನ ಇದ್ದರು.